ನಿಮ್ಮ ಪ್ರಯೋಗದಲ್ಲಿ ಸ್ಪೆಕ್ಟ್ರೋಮೀಟರಿನ ಫೋಕಲ್ ಪ್ಲೇನಲ್ಲಿ, ಅಂದ್ರೆ ಕೊನೇಲಿ ಅಯಾನುಗಳು ಬಂದು ಬೀಳೋ ಜಾಗದಲ್ಲಿ, ಮಾಸ್ 100, 96ರ ನ್ಯೂಕ್ಲಿಯಸ್‌ಗಳು ಒಂದೇ ಪೀಕಲ್ಲಿ ಬರ್ತಿರೋದಕ್ಕೆ
ಡಿಟೆಕ್ಟರ್ ತೊಂದರೆ ಅಲ್ಲ ಅನ್ಸತ್ತೆ. ದೆಹಲಿಯ ವೇಗವರ್ಧಕ ಕೇಂದ್ರ ಐಯುಎಸಿಯ ಹೀರಾ (ಹೆವಿ ಅಯಾನ್ ರಿಯಾಕ್ಷನ್ ಅನಲೈಸರ್) ಥರದ ಸ್ಪೆಕ್ಟ್ರೋಮೀಟರ್ ಬೇರೆ ಮಾಡೋದು ಬರೀ ಮಾಸನ್ನಲ್ಲ, ಮಾಸ್ ಭಾಗಿಸು ಚಾರ್ಜನ್ನ, ಮಾಸ್ 100 ಚಾರ್ಜ್ 25 ಅಂದ್ರೆ 100/25, ಮತ್ತೆ 96/24, ಎರಡೂ 4 ತಾನೆ, ಒಂದೇ ಜಾಗಕ್ಕೆ ಬೀಳ್ತವೆ. ಮೊದಲು ಸ್ಪೆಕ್ಟ್ರೋಮೀಟರನ್ನ ಚಾರ್ಜ್ 25ರ ಬದಲು 22ಕ್ಕೆ ಸೆಟ್ ಮಾಡಿ, ಅಂದ್ರೆ ಎಲೆಕ್ಟ್ರಿಕ್ ಡೈಪೋಲ್, ಮ್ಯಾಗ್ನೆಟ್, ಕ್ವಾಡ್ರುಪೋಲ್ ಎಲ್ಲಾನೂ ಒಟ್ಟಿಗೆ 25/22 ಪಟ್ಟು ಏರಿಸಿ, ಆದ್ರೆ ಹೈ ವೋಲ್ಟೇಜ್ ದಯವಿಟ್ಟು ನಿಧಾನಕ್ಕೆ, ಸ್ಪಾರ್ಕ್ ಆದ್ರೆ ಬೀಮ್‌ಟೈಮ್ ಹೋಯ್ತು. ಈಗ 100/22 ಅಂದ್ರೆ 4.545, 96/21 ಅಂದ್ರೆ 4.571, ರೆಸಲ್ಯೂಷನ್ 300ರ ಆಸುಪಾಸಿದ್ರೆ, ಅಂದ್ರೆ 300ರಲ್ಲಿ ಒಂದು ಭಾಗದಷ್ಟು ವ್ಯತ್ಯಾಸ ಗುರುತಿಸೋ ಹಾಗಿದ್ರೆ, ಎರಡಾಗಿ ಕಾಣ್ಬೇಕು, ಕೌಂಟ್ ಕಮ್ಮಿಯಾಗ್ಬಹುದು. ಆಮೇಲೆ ಒಂದೊಂದು ಪೀಕಿಗೂ ಗೇಟ್ ಹಾಕಿ, ಅಂದ್ರೆ ಆ ಪೀಕಿನ ಘಟನೆಗಳನ್ನ ಮಾತ್ರ ಆರಿಸ್ಕೊಂಡು, ಟಾರ್ಗೆಟ್ ಹತ್ರದ ಜರ್ಮೇನಿಯಂ ಡಿಟೆಕ್ಟರಲ್ಲಿ ಗಾಮಾ ನೋಡಿ, ಯಾವ ನ್ಯೂಕ್ಲಿಯಸ್ ಅಂತ ಗೊತ್ತಾಗತ್ತೆ. ಆಗ್ಲೂ ಅಂಟ್ಕೊಂಡೇ ಇದ್ರೆ ಟಾರ್ಗೆಟ್ ದಪ್ಪ ಜಾಸ್ತಿಯಾಗಿ ಪೀಕ್ ಅಗಲ ಆಗಿರ್ಬಹುದು, ಸೆಟಪ್ ನೋಡ್ದೆ ಖಚಿತ ಹೇಳಕ್ಕಾಗಲ್ಲ, ತೆಳು ಟಾರ್ಗೆಟ್ ಹಾಕಿ ಒಂದು ಚಿಕ್ಕ ರನ್ ತಗೊಂಡು ಪೀಕಿನ ಅಗಲ ಹೋಲಿಸಿ.