ಸೆನೆಕಾನ ಡಕೋಟಾ ಗಾಡಿ

ಕಳೆದ ಸಂಚಿಕೆಯಲ್ಲಿ ಹಳೇ ರೋಮಿನ ತತ್ವಜ್ಞಾನಿ ಸೆನೆಕಾನ ಬಗ್ಗೆ ಬಂದ ಲೇಖನ ಓದಿ, ಹಾಸನದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ಇವನು ರೋಮಿನ ದೊಡ್ಡ ಸಾಹುಕಾರ. ನೀರೋ ಚಕ್ರವರ್ತಿಗೆ ಪಾಠ ಹೇಳಿದವನು. ನಮಗೆ ಸರಳವಾಗಿ ಬದುಕಿ ಅಂತಾನೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಇಂಥವನಿಂದ ಕಲಿಯೋದೇನಿದೆ?’

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪ್ರಶ್ನೆಯನ್ನು ಕ್ರಿ.ಶ. 58ರಲ್ಲೇ ಸುಯಿಲಿಯಸ್ ಎಂಬವನು ಕೇಳಿದ್ದ. ಅರಮನೆಯ ಸ್ನೇಹ ಸಿಕ್ಕ ನಾಲ್ಕೇ ವರ್ಷದಲ್ಲಿ 30 ಕೋಟಿ ಸೆಸ್ಟರ್ಸ್ (ರೋಮಿನ ನಾಣ್ಯ) ಗಂಟು ಕಟ್ಟೋದನ್ನು ಯಾವ ತತ್ವಶಾಸ್ತ್ರ ಕಲಿಸಿತಪ್ಪಾ ಅಂತ. ಕೇಳಿದವನೇನೂ ಸಾಚಾ ಅಲ್ಲ, ಬಿಡಿ. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು.

ಅದಕ್ಕಿಂತ ದೊಡ್ಡದೊಂದನ್ನು ನಾನೇ ಸೇರಿಸುತ್ತೇನೆ. ಕಾರ್ಸಿಕಾ ದ್ವೀಪಕ್ಕೆ ಗಡೀಪಾರಾಗಿದ್ದ ಸೆನೆಕಾನನ್ನು 49ರಲ್ಲಿ ವಾಪಸ್ ಕರೆಸಿದವಳು ನೀರೋನ ತಾಯಿ ಅಗ್ರಿಪ್ಪಿನಾ. ಹತ್ತು ವರ್ಷ ಕಳೆದ ಮೇಲೆ ನೀರೋ ಅವಳನ್ನೇ ಕೊಲ್ಲಿಸಿದ. ಕೊಲೆಯನ್ನು ಸಮರ್ಥಿಸಿ ಸೆನೆಟ್‌ಗೆ ಹೋದ ಪತ್ರ ಸೆನೆಕಾ ಬರೆದುಕೊಟ್ಟದ್ದು ಅಂತ ಜನ ಆಗಲೇ ಆಡಿಕೊಂಡರು. ರೋಮಿನ ಇತಿಹಾಸಕಾರ ಟ್ಯಾಸಿಟಸ್ ಇದನ್ನು ದಾಖಲಿಸಿದ್ದಾನೆ. ಇದಕ್ಕೆ ನನ್ನ ಹತ್ತಿರ ಸಮಜಾಯಿಷಿ ಇಲ್ಲ.

ಹಾಗಿದ್ದೂ ಯಾಕೆ ಅಚ್ಚು ಹಾಕಿದಿರಿ ಅಂತೀರಾ? ಒಂದು ಗಾಡಿಯ ಕಾರಣಕ್ಕೆ.

ಅವನು ಗೆಳೆಯ ಲೂಸಿಲಿಯಸ್‌ಗೆ ಬರೆದ 124 ಪತ್ರಗಳು ಉಳಿದಿವೆ. 87ನೆಯದರಲ್ಲಿ ಒಂದು ಪ್ರಯಾಣ ಬರುತ್ತದೆ. ಇಬ್ಬರು ಗೆಳೆಯರು, ಒಂದೇ ಗಾಡಿಗೆ ಹಿಡಿಸುವಷ್ಟು ಆಳುಗಳು. ಮೈಮೇಲಿನ ಬಟ್ಟೆ ಬಿಟ್ಟರೆ ಗಂಟುಮೂಟೆ ಇಲ್ಲ. ಮಲಗೋದು ನೆಲದ ಮೇಲೆ. ಊಟಕ್ಕೆ ಒಣ ಅಂಜೂರ. ರೊಟ್ಟಿ ಇದ್ದರೆ ಅಂಜೂರ ನೆಂಚಿಕೊಳ್ಳೋಕೆ, ಇಲ್ಲದಿದ್ದರೆ ಅಂಜೂರವೇ ರೊಟ್ಟಿ. ಹೇಸರಗತ್ತೆಗಳು ಹೆಜ್ಜೆ ಹಾಕುತ್ತಿವೆ ಅನ್ನೋದೇ ಅವು ಬದುಕಿವೆ ಅನ್ನೋದಕ್ಕೆ ಸಾಕ್ಷಿ. ಗಾಡಿ ಹೊಡೆಯುವವನ ಕಾಲಲ್ಲಿ ಚಪ್ಪಲಿ ಇಲ್ಲ, ಅದೂ ಸೆಕೆ ಅಂತ ಬಿಟ್ಟದ್ದಲ್ಲ.

ಒಳ್ಳೆಯತನ ಒಂದೇ ನಿಜವಾದ ಆಸ್ತಿ, ದುಡ್ಡು ಇದ್ದರೂ ಅಷ್ಟೆ, ಹೋದರೂ ಅಷ್ಟೆ ಅನ್ನೋದು ಸೆನೆಕಾನ ಪಂಥದವರಾದ ಸ್ಟೋಯಿಕರ ಮಾತು. ಹೇಳೋಕೆ ಸುಲಭ, ಅಲ್ವಾ? ಎದುರಿಗೆ ಯಾರದೋ ಠೀವಿಯ ಸವಾರಿ ಬರುತ್ತದೆ. ನಮ್ಮ ತತ್ವಜ್ಞಾನಿಗೆ ಬೇಡ ಬೇಡವೆಂದರೂ ಮುಖ ಕೆಂಪಾಗುತ್ತದೆ. ಈ ಡಕೋಟಾ ಗಾಡಿ ನನ್ನದು ಅಂತ ಜನ ತಿಳಿದುಕೊಳ್ಳೋದು ಅವನಿಗೆ ಇಷ್ಟವಿಲ್ಲ. ಅಷ್ಟನ್ನೂ ಬರೆಯುತ್ತಾನೆ. ಹರಕು ಗಾಡಿಗೆ ನಾಚುವವನು ಒಳ್ಳೆಯ ಗಾಡಿ ಸಿಕ್ಕರೆ ಜಂಬ ಪಡುತ್ತಾನೆ, ದಾರಿಹೋಕರು ಏನಂದುಕೊಳ್ತಾರೋ ಅನ್ನೋ ಚಿಂತೆ ನನಗಿನ್ನೂ ಹೋಗಿಲ್ಲ ಅಂತಾನೆ.

ನೆಂಟರ ಮದುವೆಗೆ ಹಳೇ ಸ್ಕೂಟರಿನಲ್ಲಿ ಹೋಗಿ, ಛತ್ರದ ಮುಂದೆ ನಿಲ್ಲಿಸದೆ ಪಕ್ಕದ ಬೀದಿಯಲ್ಲಿ ನಿಲ್ಲಿಸಿ ನಡೆದು ಬಂದವನು ನಾನು. ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ಆ ಪತ್ರಗಳಲ್ಲಿ ಅವನು ಗುರುಪೀಠದಲ್ಲಿ ಕೂತಿಲ್ಲ. ನಾನು ವೈದ್ಯನಲ್ಲ, ನಿನ್ನ ಜೊತೆ ಅದೇ ಆಸ್ಪತ್ರೆಯಲ್ಲಿ ಮಲಗಿದವನು, ನಮ್ಮಿಬ್ಬರ ಕಾಯಿಲೆಯ ಬಗ್ಗೆ ಸುಮ್ನೆ ಮಾತಾಡ್ತಿದ್ದೀನಿ ಅನ್ನುತ್ತಾನೆ, 27ನೆಯ ಪತ್ರದಲ್ಲಿ. ರಾತ್ರಿ ದೀಪ ಆರಿಸಿ, ಹೆಂಡತಿ ಮಾತು ನಿಲ್ಲಿಸಿದ ಮೇಲೆ ಇಡೀ ದಿನದ ಲೆಕ್ಕ ತೆಗೆಯೋದು ಅವನ ರೂಢಿ. ಆ ಲೆಕ್ಕದಲ್ಲಿ ಬರೋದು ಸಣ್ಣಪುಟ್ಟವು. ಆ ವಾದದಲ್ಲಿ ಜಾಸ್ತಿ ಜಗಳವಾಡಿದೆ. ಇವನಿಗೆ ಬುದ್ಧಿ ಹೇಳೋಕೆ ಹೋಗಿ ಮನಸ್ಸು ನೋಯಿಸಿದೆ, ಅವನು ತಿದ್ದಿಕೊಳ್ಳಲೂ ಇಲ್ಲ. ಮೇಷ್ಟ್ರಾಗಿದ್ದ ನಿಮಗೆ ಈ ಎರಡನೆಯದು ಗೊತ್ತಿರುತ್ತದೆ.

ಗಾಡಿಯ ಪತ್ರವನ್ನು ಮುಂದಿನ ಸಂಚಿಕೆಗೆ ಕನ್ನಡ ಮಾಡಿಸುತ್ತಿದ್ದೇವೆ. ಓದಿ, ಇನ್ನೊಂದು ಸಲ ಬೈದು ಬರೆಯಿರಿ.

ಇನ್ನು ಬದನೆಕಾಯಿ. ಅದು ಆಗಿನ್ನೂ ರೋಮಿಗೆ ಬಂದಿರಲಿಲ್ಲ. ಆದರೆ ಸೆನೆಕಾ ಹುಡುಗನಾಗಿದ್ದಾಗ ಗುರುಗಳ ಮಾತು ಕೇಳಿ ಒಂದು ವರ್ಷ ಮಾಂಸ ಬಿಟ್ಟಿದ್ದ. ಆಮೇಲೆ ಅಪ್ಪ ಬೇಡ ಅಂದರು, ಮತ್ತೆ ಶುರು ಮಾಡಿದ. ಚೆನ್ನಾಗಿ ಊಟ ಮಾಡು ಅಂತ ಒಪ್ಪಿಸೋಕೆ ಅಪ್ಪನಿಗೆ ಅಂಥ ಕಷ್ಟವೇನೂ ಆಗಲಿಲ್ಲ ಅಂತಲೂ ಅವನೇ ಬರೆದಿದ್ದಾನೆ.

– ಸಂಪಾದಕ