ಊರು ಬಿಟ್ಟು ಬಣ್ಣ ಹಚ್ಚಲು ಹೊರಟ ಹುಡುಗಿಯರು: ಹಳೇ ಹಾಲಿವುಡ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಹಳೇ ಹಾಲಿವುಡ್ ಚಿತ್ರಗಳನ್ನು ಒಂದೊಂದಾಗಿ ನೋಡುತ್ತಿದ್ದೇನೆ. ಸಣ್ಣ ಊರಿನ ಹುಡುಗಿ ನಾಟಕದ ನಟಿಯಾಗಬೇಕು ಅಂತ ಪಟ್ಟಣಕ್ಕೆ ಹೋಗುತ್ತಾಳೆ, ಯಾರೋ ದುಡ್ಡಿರುವವನು ಬಲೆ ಬೀಸುತ್ತಾನೆ, ಕೊನೆಗೆ ಅವಳು ಅಳುತ್ತಾ ಊರಿಗೆ ವಾಪಸ್. ಯಾಕೆ ಎಲ್ಲದರಲ್ಲೂ ಇದೇ ಕಥೆ? ನಿಜವಾಗಿಯೂ ಹೀಗೇ ಆಗುತ್ತಿತ್ತಾ?
– ಓದುಗರೊಬ್ಬರು, ಧಾರವಾಡ

ಉತ್ತರ: ಎಲ್ಲದರಲ್ಲೂ ಇಲ್ಲ, ಆದರೆ ಬಹಳಷ್ಟು ಚಿತ್ರಗಳಲ್ಲಿ ಇದೆ. ನೀವು ಹೇಳಿದ ಅಚ್ಚಿಗೆ ಸರಿಯಾಗಿ ಕೂರುವುದು 1917ರ ‘ಎ ಗರ್ಲ್ಸ್ ಫಾಲಿ’. ನಾಟಕದ ಬದಲು ಇಲ್ಲಿ ಸಿನಿಮಾ ಸ್ಟುಡಿಯೋ ಇದೆ, ಅಷ್ಟೇ. ಹಳ್ಳಿಗೆ ಶೂಟಿಂಗಿಗೆ ಬಂದ ಹೀರೋನನ್ನು ನೋಡಿ ಹುಡುಗಿ ನ್ಯೂಜೆರ್ಸಿಯ ಫೋರ್ಟ್ ಲೀ ಸ್ಟುಡಿಯೋಗೆ ಹೋಗುತ್ತಾಳೆ. ಆಗ ಅಮೆರಿಕದ ಸಿನಿಮಾ ಕೆಲಸ ತುಂಬಾ ನಡೆಯುತ್ತಿದ್ದ ಊರು ಅದು. ಸ್ಕ್ರೀನ್ ಟೆಸ್ಟಿನಲ್ಲಿ ಅವಳು ಫೇಲ್ ಆಗುತ್ತಾಳೆ. ಹೀರೋ ಅವಳನ್ನು ಇಟ್ಟುಕೊಳ್ಳುತ್ತೇನೆ ಅನ್ನುತ್ತಾನೆ. ತಾಯಿ ಬರುತ್ತಾಳೆ, ಹುಡುಗಿ ಊರಿಗೆ ಮರಳುತ್ತಾಳೆ.

ಇಂಥ ಕೊನೆಗೆ ಒಂದು ಗಟ್ಟಿ ಕಾರಣ ಸೆನ್ಸಾರ್. 1911ರಲ್ಲಿ ಪೆನ್ಸಿಲ್ವೇನಿಯಾ, 1913ರಲ್ಲಿ ಒಹಾಯೊ, ಹೀಗೆ ರಾಜ್ಯಗಳು ತಮ್ಮದೇ ಸೆನ್ಸಾರ್ ಮಂಡಳಿ ಮಾಡಿಕೊಂಡವು. ಸಿನಿಮಾ ಒಂದು ವ್ಯಾಪಾರ, ಅದಕ್ಕೆ ವಾಕ್ ಸ್ವಾತಂತ್ರ್ಯದ ರಕ್ಷಣೆ ಇಲ್ಲ ಅಂತ 1915ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಹೇಳಿಬಿಟ್ಟಿತು. ಇನ್ನು ನಿರ್ಮಾಪಕ ಏನು ಮಾಡುತ್ತಾನೆ? ನಾಲ್ಕು ರೀಲು ಬೆಡಗು ಬಿನ್ನಾಣ ತೋರಿಸಿ, ಕೊನೆಯ ರೀಲಿನಲ್ಲಿ ಅವಳಿಗೆ ಪಶ್ಚಾತ್ತಾಪವನ್ನೋ ಮದುವೆಯನ್ನೋ ಅಂಟಿಸುತ್ತಾನೆ. ಆಗ ಮಂಡಳಿಯೂ ಸುಮ್ಮನಿರುತ್ತದೆ, ಮಗಳನ್ನು ಕರೆದುಕೊಂಡು ಬಂದ ಸಣ್ಣ ಊರಿನ ಅಪ್ಪ ಅಮ್ಮನೂ ಸಮಾಧಾನವಾಗಿ ಮನೆಗೆ ಹೋಗುತ್ತಾರೆ.

ನಿಜ ಜೀವನದ ಮಾತಿಗೆ ಬರೋಣ. ಬಲೆ ಬೀಸುವ ಗಂಡಸರು ಇರಲಿಲ್ಲ ಅಂತ ನಾನು ಹೇಳಲ್ಲ, ಖಂಡಿತ ಇದ್ದರು. ಆದರೆ ಆ ಹುಡುಗಿಯರನ್ನು ದಿನಾ ಹಿಂಡಿದ್ದು ದುಡ್ಡಿನ ಕಷ್ಟ. ನಾಟಕ ಕಂಪನಿಗಳಲ್ಲಿ ತಾಲೀಮಿಗೆ ಸಂಬಳ ಇಲ್ಲ, ಅದು ಎಷ್ಟು ವಾರ ಎಳೆದರೂ ಕೇಳುವವರಿಲ್ಲ. ವೇಷದ ಬಟ್ಟೆ, ಬೂಟು ಎಷ್ಟೋ ಸಲ ಕೈಯಿಂದಲೇ ಕೊಳ್ಳಬೇಕು. ಊರೂರು ತಿರುಗುವ ಕಂಪನಿಗೆ ಕಲೆಕ್ಷನ್ ಬಿದ್ದರೆ ಮಾಲೀಕ ಅಲ್ಲೇ ಆಟ ನಿಲ್ಲಿಸಿ ಹೊರಟುಬಿಡುತ್ತಿದ್ದ, ನಟಿಯರ ಕೈಯಲ್ಲಿ ವಾಪಸ್ ಬರಲು ರೈಲು ಚಾರ್ಜು ಕೂಡ ಇರುತ್ತಿರಲಿಲ್ಲ. ಇದೆಲ್ಲ ಸಾಕಾಗಿಯೇ 1919ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ನಟರು ‘ಆಕ್ಟರ್ಸ್ ಈಕ್ವಿಟಿ’ ಸಂಘದ ಕೆಳಗೆ ಮುಷ್ಕರ ಹೂಡಿದರು. ಸುಮಾರು 1 ತಿಂಗಳು ನಡೆಯಿತು, ಗೆದ್ದರು. ಹಿಂದೆ ಕುಣಿಯುವ ಕೋರಸ್ ಹುಡುಗಿಯರೂ ಬೀದಿಗಿಳಿದು ತಮ್ಮದೇ ಸಂಘ ಕಟ್ಟಿದರು. ಅದರ ಮೊದಲ ಅಧ್ಯಕ್ಷೆ ಮೇರಿ ಡ್ರೆಸ್ಲರ್. ಈಕೆ ಕೆನಡಾದ ಕೋಬರ್ಗ್ ಎಂಬ ಸಣ್ಣ ಊರಿನವರು, 14ರ ವಯಸ್ಸಿಗೇ ಮನೆ ಬಿಟ್ಟು ನಾಟಕ ಕಂಪನಿ ಸೇರಿದವರು, ಮುಂದೆ ‘ಮಿನ್ ಆಂಡ್ ಬಿಲ್’ ಚಿತ್ರಕ್ಕೆ ಆಸ್ಕರ್ ತಗೊಂಡವರು. ಇಂಥ ಬದುಕು ಕಣ್ಣ ಮುಂದೆಯೇ ಇದ್ದಾಗ ಮೆಲೋಡ್ರಾಮಾಗಳು ಬಾಕಿ ಸಂಬಳದ ಮಾತೆತ್ತದೆ ಹುಡುಗಿಯ ಶೀಲದ ಸುತ್ತಲೇ ಸುತ್ತಿದವಲ್ಲ, ಅದು ನನಗೆ ಇವತ್ತಿಗೂ ಸಿಟ್ಟು ಬರಿಸುವ ವಿಷಯ. ಕೂಲಿಯ ಪ್ರಶ್ನೆಯನ್ನು ಮಾನದ ಪ್ರಶ್ನೆ ಮಾಡಿಬಿಟ್ಟರೆ ಮಾಲೀಕ ಸಲೀಸಾಗಿ ಪಾರಾಗುತ್ತಾನೆ, ಅಲ್ವಾ?

ಇನ್ನೊಂದು ಮಾತು. ಒಂದು ಕಾಲದ ಚಿತ್ರಗಳ ಬಗ್ಗೆ ತೀರ್ಪು ಕೊಡುವಾಗ ಸ್ವಲ್ಪ ತಡೆಯಬೇಕು. ಅಮೆರಿಕದ ಮೂಕಿ ಕಾಲದ ಸುಮಾರು 11,000 ಪೂರ್ಣಾವಧಿ ಚಿತ್ರಗಳಲ್ಲಿ ಶೇ. 70ರಷ್ಟು ಕಳೆದೇಹೋಗಿವೆ ಅಂತ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ನಾವು ನೋಡುತ್ತಿರುವುದು ಉಳಿದ ಚೂರುಗಳನ್ನು.

ಪ್ರಶ್ನೆ: ‘ಮಾರ್ನಿಂಗ್ ಗ್ಲೋರಿ’ ನೋಡಿದೆ. ಕೊನೆಯಲ್ಲಿ ಅವಳು ಗೆದ್ದಳಾ, ಸೋತಳಾ?
– ಓದುಗರೊಬ್ಬರು, ಮೈಸೂರು

ಉತ್ತರ: ನಾಟಕದಲ್ಲಿ ಗೆದ್ದಳು. ಉಳಿದದ್ದನ್ನು ಚಿತ್ರ ಬೇಕಂತಲೇ ಹಾಗೇ ಬಿಟ್ಟಿದೆ. ನೋಡದವರಿಗಾಗಿ ಹೇಳುತ್ತೇನೆ: ಇದು 1933ರ ಚಿತ್ರ. ವರ್ಮಾಂಟ್‌ನ ಸಣ್ಣ ಊರಿನಿಂದ ಬಂದ ಈವಾ ಲವ್‌ಲೇಸ್ ನ್ಯೂಯಾರ್ಕಿನ ನಾಟಕಗಳ ಕೇಂದ್ರವಾದ ಬ್ರಾಡ್‌ವೇಯ ಕಚೇರಿಗಳ ಬಾಗಿಲು ಕಾಯುತ್ತಾಳೆ. ನಿರ್ಮಾಪಕನ ಮನೆಯ ಪಾರ್ಟಿಯಲ್ಲಿ ಹೊಟ್ಟೆಗಿಲ್ಲದೆ ಕುಡಿದು, ಎಲ್ಲರ ಮುಂದೆ ಷೇಕ್ಸ್‌ಪಿಯರ್ ಸಾಲುಗಳನ್ನು ಹೇಳುತ್ತಾಳೆ. ಮೊದಲ ಪ್ರದರ್ಶನದ ರಾತ್ರಿ ಮುಖ್ಯ ನಟಿ ಜಗಳ ತೆಗೆದು ಹೊರಟಾಗ ಆ ಪಾತ್ರ ಇವಳಿಗೆ ಬರುತ್ತದೆ. ನಡುವೆ ಆ ನಿರ್ಮಾಪಕನ ಜೊತೆ ಒಂದು ರಾತ್ರಿ ಕಳೆದಿರುತ್ತಾಳೆ, ಅವನು ಆಮೇಲೆ ಮುಖ ತಪ್ಪಿಸುತ್ತಾನೆ. ಹಳೇ ಮೆಲೋಡ್ರಾಮಾ ಆಗಿದ್ದರೆ ಅವಳ ಕಥೆ ಅಲ್ಲಿಗೇ ಮುಗಿಯುತ್ತಿತ್ತು! ಇಲ್ಲಿ ಆ ರಾತ್ರಿಗಾಗಿ ಅವಳಿಗೆ ಶಿಕ್ಷೆ ಇಲ್ಲ. 1934ರ ಜುಲೈನಿಂದ ಪ್ರೊಡಕ್ಷನ್ ಕೋಡ್, ಅಂದರೆ ಹಾಲಿವುಡ್ ತಾನೇ ಹಾಕಿಕೊಂಡ ನೀತಿ ನಿಯಮ, ಬಿಗಿಯಾದ ಮೇಲೆ ಇಷ್ಟು ಸಲೀಸಾಗಿ ಇದನ್ನು ತೋರಿಸುವುದು ಕಷ್ಟವಾಯಿತು.

ಕೊನೆಯ ದೃಶ್ಯದಲ್ಲಿ ಬಟ್ಟೆ ತೊಡಿಸುವ ಹೆಂಗಸನ್ನು ಗಮನಿಸಿದಿರಾ? ಅವಳೂ ಒಂದು ಕಾಲಕ್ಕೆ ಮಾರ್ನಿಂಗ್ ಗ್ಲೋರಿ ಹೂವಿನಂತೆ ಬೆಳಗ್ಗೆ ಅರಳಿ ಬಿಸಿಲೇರುವಷ್ಟರಲ್ಲಿ ಬಾಡಿದವಳು. ಅವಳನ್ನು ಅಪ್ಪಿಕೊಂಡು ಈವಾ, ನನಗೆ ಭಯವಿಲ್ಲ ಅಂತ ಮತ್ತೆ ಮತ್ತೆ ಹೇಳುತ್ತಾಳೆ. ಈವಾ ಆಗಿರುವ ಕ್ಯಾಥರಿನ್ ಹೆಪ್‌ಬರ್ನ್ ಅದನ್ನು ಹೇಳುವ ರೀತಿಯಲ್ಲಿ ನನಗೆ ಧೈರ್ಯವೂ ಕೇಳುತ್ತದೆ, ಭಯವೂ ಕೇಳುತ್ತದೆ. ಅವರ ಮೊದಲ ಆಸ್ಕರ್ ಬಂದದ್ದು ಈ ಪಾತ್ರಕ್ಕೇ. ಮೂಲ ನಾಟಕ ಬರೆದ ಜೋಯಿ ಏಕಿನ್ಸ್ ಕೂಡ ಮಿಸೌರಿಯ ಹ್ಯೂಮನ್ಸ್‌ವಿಲ್ ಎಂಬ ಪುಟ್ಟ ಊರಿನಲ್ಲಿ ಹುಟ್ಟಿದವರು. ಈವಾಳ ಹಟವನ್ನು ಅವರು ಎಲ್ಲೂ ಗೇಲಿ ಮಾಡುವುದಿಲ್ಲ.

ಪ್ರಶ್ನೆ: ‘ಸ್ಟೇಜ್ ಸ್ಟ್ರಕ್’ ಹುಡುಕಿದರೆ ಬೇರೆ ಬೇರೆ ಚಿತ್ರ ಬರುತ್ತಿವೆ. ಯಾವುದು ನೋಡಲಿ?
– ಓದುಗರೊಬ್ಬರು, ಉಡುಪಿ

ಉತ್ತರ: ಆ ಹೆಸರಿನವು 1925, 1936, 1958ರಲ್ಲಿ ಬಂದಿವೆ. 1958ರದ್ದು ಮೇಲೆ ಹೇಳಿದ ‘ಮಾರ್ನಿಂಗ್ ಗ್ಲೋರಿ’ಯದೇ ರಿಮೇಕ್. ನೀವು 1925ರದ್ದನ್ನು ನೋಡಿ. ಗ್ಲೋರಿಯಾ ಸ್ವಾನ್ಸನ್ ಅದರಲ್ಲಿ ನದಿ ದಡದ ಊರಿನ ಹೋಟೆಲ್‌ನಲ್ಲಿ ಸಪ್ಲೈ ಮಾಡುತ್ತಾ ಅಂಚೆಯಲ್ಲಿ ನಟನೆಯ ಪಾಠ ಕಲಿಯುವ ಹುಡುಗಿ. ಚಿತ್ರ ಕಪ್ಪುಬಿಳುಪು, ಆದರೆ ಅವಳು ದೊಡ್ಡ ನಟಿಯಾದಂತೆ ಕನಸು ಕಾಣುವ ಶುರುವಿನ ಭಾಗ ಆಗಿನ ಎರಡು ಬಣ್ಣದ ಟೆಕ್ನಿಕಲರ್‌ನಲ್ಲಿದೆ. ಕಾಮಿಡಿ ಜಾಸ್ತಿ, ಅಳು ಕಡಿಮೆ. ಬಣ್ಣ ಉಳಿಸಿರುವ ಪ್ರಿಂಟೇ ಸಿಗುವವರೆಗೆ ಹುಡುಕಿ, ಬರೀ ಕಪ್ಪುಬಿಳುಪಿನದು ಬೇಡ.