‘8 ಎಂ.ಎಂ. ಟ್ಯಾಪ್ ಹೊಡೆದರೆ ಸಾಕಲ್ವಾ ಸಾರ್?’

ಪ್ರಶ್ನೆ: ಅಪ್ಪನ 1978ರ ಪೆಟ್ರೋಲ್ ಅಂಬಾಸಿಡರ್. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸ್ಟಡ್ (ಹೊಗೆ ಕೊಳವೆಯನ್ನು ಇಂಜಿನ್ನಿಗೆ ಬಿಗಿಯುವ, ತಲೆಯಿಲ್ಲದ ಬೋಲ್ಟ್) ಒಂದು ತುಂಡಾಗಿದೆ. ಜೆ.ಸಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಸುತ್ತಿದೆ, ಎಲ್ಲೂ ಇಲ್ಲ. ‘8 ಎಂ.ಎಂ. ಟ್ಯಾಪ್ ಹೊಡೆದು (ತೂತಿನೊಳಗೆ ಹೊಸ ಥ್ರೆಡ್, ಅಂದರೆ ತಿರುಪಿನ ಗೆರೆ, ಕೊರೆದು) ಮಾರುತಿ ಬೋಲ್ಟ್ ಹಾಕಿಬಿಡೋಣ’ ಅಂತಾರೆ ಮೆಕ್ಯಾನಿಕ್. ಮಾಡಿಸಲಾ? (ಬಸವನಗುಡಿ)

ಬೇಡ. ಈ ವರ್ಷ ಇದೇ ಪ್ರಶ್ನೆ ಬಂದಿದ್ದು ಐದನೇ ಸಲ. ನಿಮ್ಮ 1489 ಸಿಸಿ ಇಂಜಿನ್ ಇಂಗ್ಲೆಂಡಿನ ಬಿ.ಎಂ.ಸಿ. (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ವಿನ್ಯಾಸ, ಲೆಕ್ಕವೆಲ್ಲ ಇಂಚಿನದು. ಈ ಸ್ಟಡ್ಡಿನ ದಪ್ಪ 5/16 ಇಂಚು, ಅಂದರೆ 7.94 ಎಂ.ಎಂ. ಎಂಟಕ್ಕೂ ಅದಕ್ಕೂ ಕೂದಲೆಳೆ ವ್ಯತ್ಯಾಸ, ಎಡವಟ್ಟಾಗುವುದೇ ಅಲ್ಲಿ. ದಪ್ಪ ಒಂದೇ, ಥ್ರೆಡ್ ಬೇರೆ. ಸ್ಟಡ್ ಕೂರುವ ಹೆಡ್ಡಿನೊಳಗೆ (ಇಂಜಿನ್ನಿನ ಮೇಲ್ಭಾಗ) ಇಂಚಿಗೆ 18 ಥ್ರೆಡ್. ಮಾಮೂಲಿ 8 ಎಂ.ಎಂ. ಬೋಲ್ಟಿನಲ್ಲಿ 20 ಚಿಲ್ಲರೆ. ಎರಡು ಸುತ್ತು ಸಲೀಸಾಗಿ ಹೋಗುತ್ತೆ, ಆಮೇಲೆ ಕಚ್ಚುತ್ತೆ. ಟ್ಯಾಪ್ ಹೊಡೆದರೋ, ಹಳೆ ಥ್ರೆಡ್ಡೂ ಇಲ್ಲ, ಹೊಸದೂ ಇಲ್ಲ. ಕಾದು ಆರಿ, ಕಾದು ಆರಿ, ಒಂದು ದಿನ ಸ್ಟಡ್ ಕಿತ್ತುಕೊಂಡೇ ಬರುತ್ತೆ.

ನೀವು ಕೇಳಿದ ರೀತಿಯೂ ತಪ್ಪು. ‘ಅಂಬಾಸಿಡರ್ ಸ್ಟಡ್ ಇದೆಯಾ?’ ಅಂದರೆ ಕೌಂಟರಿನ ಹುಡುಗ ತಲೆ ಎತ್ತದೆ ‘ಗಾಡಿನೇ ನಿಂತೋಯ್ತಲ್ಲ ಸಾರ್’ ಅಂತಾನೆ. 2014ರಲ್ಲಿ ತಯಾರಿಕೆ ನಿಂತದ್ದು ಗಾಡಿಯದು, 5/16 ಥ್ರೆಡ್ಡಿನದಲ್ಲ. ಸ್ಪೇರ್ಸ್ ಅಂಗಡಿ ಬಿಟ್ಟು ನಟ್ಟು-ಬೋಲ್ಟಿನ ಅಂಗಡಿಗೆ ಹೋಗಿ, ಗಾಡಿ ಹೆಸರೆತ್ತದೆ ಅಳತೆ ಹೇಳಿ: 5/16 ಇಂಚು, ಹೆಡ್ಡಿನ ಕಡೆ ಯುಎನ್‌ಸಿ 18, ನಟ್ಟಿನ ಕಡೆ ಯುಎನ್‌ಎಫ್ 24. ಹೌದು, ಒಂದೇ ಸ್ಟಡ್ಡಿಗೆ ಎರಡು ಥ್ರೆಡ್: ಯುಎನ್‌ಸಿ ಒರಟು, ಯುಎನ್‌ಎಫ್ ನಯ, ಅಂಕಿ ಇಂಚಿಗೆಷ್ಟು ಥ್ರೆಡ್ ಅನ್ನುವುದು. ಮುರಿದ ತುಂಡನ್ನು ಎಸೆಯದೆ ಜೇಬಿನಲ್ಲಿಟ್ಟುಕೊಳ್ಳಿ. ಥ್ರೆಡ್ ಗೇಜಿನ (ಥ್ರೆಡ್ ಅಳೆಯುವ ಪಟ್ಟಿ) ಹಲ್ಲು ಅದರ ಮೇಲೆ ಕೂತಾಗ ಬೆಳಕಿಗೆ ಹಿಡಿಯಿರಿ, ಸಂದಿಯಲ್ಲಿ ಬೆಳಕು ಕಂಡರೆ ಅಳತೆ ಅದಲ್ಲ. ಹಳೇ ಮ್ಯಾಸಿ ಫರ್ಗ್ಯುಸನ್ ಟ್ರ್ಯಾಕ್ಟರ್ ಸಾಮಾನು ಇಡುವವರನ್ನೂ ಕೇಳಿ, ಅದೂ ಇಂಚಿನ ಸಂತಾನವೇ.

ಎಲ್ಲೂ ಸಿಗಲಿಲ್ಲವೋ, ಪೀಣ್ಯದ ಯಾವುದಾದರೂ ಲೇತ್‌ಗೆ ಹೋಗಿ. ‘ಇಎನ್ 8 ರಾಡ್’ (ಗಟ್ಟಿ ಉಕ್ಕಿನ ಒಂದು ಬಗೆ) ಅಂತ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಕೈಗೆ ಸಿಕ್ಕ ಎಂ.ಎಸ್. (ಮೆತ್ತನೆ ಉಕ್ಕು) ರಾಡಿನಲ್ಲೇ ಕಡೆದು ಕೊಟ್ಟಾರು. ಒಂದೇ ಒಂದಕ್ಕೆ ಮೆಷಿನ್ ಸೆಟ್ ಮಾಡಲು ಟರ್ನರ್‌ಗೆ ಬೇಜಾರು. ಆರು ಮಾಡಿಸಿಡಿ, ಉಳಿದವೂ ಸಾಲಾಗಿ ಮುರಿಯುವವೇ. ನಟ್ ಮಾತ್ರ ಹಿತ್ತಾಳೆಯದು. ಉಕ್ಕಿನದ್ದಾದರೆ ಶಾಖಕ್ಕೆ ಸ್ಟಡ್ಡಿಗೇ ಅಂಟಿಕೊಳ್ಳುತ್ತೆ.

ಒಳಗೆ ಉಳಿದ ತುಂಡಿಗೆ ಕೈ ಡ್ರಿಲ್ ಹಿಡಿಯಬೇಡಿ. ನಾನೊಮ್ಮೆ ಹಿಡಿದಿದ್ದೆ. ಬಿಟ್ ಜಾರಿ ನೀರಿನ ದಾರಿಗೇ ತೂತು ಬಿತ್ತು, ಹೆಡ್ ಗುಜರಿಗೆ ಹೋಯಿತು. ತುಂಡಿನ ತಲೆಗೆ ನಟ್ ವೆಲ್ಡ್ ಮಾಡಿಸಿ ತಿರುಗಿಸುವವರನ್ನು ಹುಡುಕಿ, ಒಂದು ವಾರ ತಡವಾದರೂ ಸರಿ.

ಪ್ರಶ್ನೆ: ಪದ್ಮಿನಿ ಕಾರಿಗೂ ಇಂಚಿನದ್ದೇನಾ? (ಯಲಹಂಕ)

ಅಲ್ಲ. ಅದು ಇಟಲಿಯ ಫಿಯಟ್ ವಿನ್ಯಾಸ, ಮೆಟ್ರಿಕ್ (ಎಂ.ಎಂ. ಲೆಕ್ಕ).

ಪ್ರಶ್ನೆ: ತುಕ್ಕೇ ಹಿಡಿಯದ ಸ್ಟೇನ್‌ಲೆಸ್ ಬೋಲ್ಟನ್ನು ಸಸ್ಪೆನ್ಷನ್‌ಗೆಲ್ಲ ಹಾಕಿಸಿದರೆ? (ರಾಜಾಜಿನಗರ)

ಹೊಳೆದದ್ದೆಲ್ಲ ಗಟ್ಟಿ ಅಂತ ಯಾರು ಹೇಳಿದ್ದು? ಅಂಗಡಿಯಲ್ಲಿ ಸಿಗುವ ಎ2-70 ದರ್ಜೆಯ ಸ್ಟೇನ್‌ಲೆಸ್ ಬೋಲ್ಟ್, ತಲೆಯ ಮೇಲೆ 8.8 ಬರೆದ ಕಪ್ಪು ಬೋಲ್ಟಿಗಿಂತ ಬಲದಲ್ಲಿ ಕಡಿಮೆ. ನಂಬರ್ ಪ್ಲೇಟಿಗೆ ಹಾಕಿಕೊಳ್ಳಿ.

ಪ್ರಶ್ನೆ: ಶಿವಾಜಿನಗರ ಗುಜರಿಯಲ್ಲಿ ಬ್ರೇಕ್ ಹೋಸ್ ಅಗ್ಗಕ್ಕೆ ಸಿಕ್ಕಿದೆ. (ಯಶವಂತಪುರ)

ಡೋರ್ ಹ್ಯಾಂಡಲ್ ಸಿಕ್ಕರೆ ತನ್ನಿ. ಬ್ರೇಕ್ ಹೋಸನ್ನು ಅಲ್ಲೇ ಬಿಟ್ಟು ಬನ್ನಿ.